ನೋವಿನ ಗುಳಿಗೆ ನುಂಗಿದ ಮೇಲೆ ದಮ್ಮು ಕಟ್ಟಿದರೆ: ಆಸ್ಪಿರಿನ್ ಆಗದ ಅಸ್ತಮಾದವರಿಗೆ ಮಾರ್ಗದರ್ಶಿ

ಅಸ್ತಮಾ ಇರುವ ದೊಡ್ಡವರಲ್ಲಿ 100ಕ್ಕೆ ಸುಮಾರು 7 ಮಂದಿಗೆ ಆಸ್ಪಿರಿನ್ ಆಗಿಬರುವುದಿಲ್ಲ. ಅಸ್ತಮಾ ಜೋರಾಗಿರುವವರನ್ನು ಮಾತ್ರ ಲೆಕ್ಕ ಹಾಕಿದರೆ ಅದು 100ಕ್ಕೆ 15ರ ಹತ್ತಿರ ಬರುತ್ತದೆ. ಉಳಿದವರಿಗೆ ಅದೇ ಗುಳಿಗೆಯಿಂದ ಏನೂ ಆಗುವುದಿಲ್ಲ. ಹಾಗಾಗಿ ಇಲ್ಲಿ ತಪ್ಪು ಎರಡು ಕಡೆಯಿಂದಲೂ ನಡೆಯುತ್ತದೆ. ಆಗದವರು ಗೊತ್ತಿಲ್ಲದೆ ನುಂಗುತ್ತಾರೆ. ಆಗುವವರು ಹೆದರಿ, ಹೃದಯಕ್ಕೆ ಬೇಕೇ ಬೇಕಾದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುತ್ತಾರೆ. ಎರಡರಿಂದಲೂ ಜೀವಕ್ಕೆ ಅಪಾಯ ಉಂಟು.

ಇನ್ನೊಂದು ಮಾತು ಮೊದಲೇ ಹೇಳಬೇಕು. ತೊಂದರೆ ಆಸ್ಪಿರಿನ್ ಒಂದರದ್ದೇ ಅಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್, ನ್ಯಾಪ್ರೊಕ್ಸೆನ್, ಕೀಟೊರೊಲಾಕ್, ಇಂಡೊಮೆಥಾಸಿನ್, ಪೈರಾಕ್ಸಿಕ್ಯಾಮ್ ಎಲ್ಲ ಒಂದೇ ಕುಟುಂಬ. ಆಸ್ಪಿರಿನ್ ಆಗದ ಅಸ್ತಮಾದವರಿಗೆ ಇವು ಯಾವುವೂ ಆಗುವುದಿಲ್ಲ. ಕಾಸರಗೋಡಿನ ಯಾವ ಪೇಟೆಯ ಮೆಡಿಕಲ್‌ಗೆ ಹೋಗಿ ‘ಸೊಂಟನೋವಿಗೆ ಒಂದು ಗುಳಿಗೆ ಕೊಡಿ’ ಎಂದು ಕೇಳಿದರೂ ಕೈಗೆ ಬರುವುದು ಹೆಚ್ಚಾಗಿ ಈ ಪಟ್ಟಿಯದ್ದೇ.

ಯಾಕೆ ಹೀಗಾಗುತ್ತದೆ

ಇದು ಸಿಗಡಿ ತಿಂದರೆ ಮೈ ತುರಿಸುವ ರೀತಿಯ ಅಲರ್ಜಿ ಅಲ್ಲ. ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಂಶಕ್ಕೆ ಎರಡು ದಾರಿ ಉಂಟು. ಕಾಕ್ಸ್ ಎಂಬ ಕಿಣ್ವದ ದಾರಿಯಲ್ಲಿ ಹೋದರೆ ಪ್ರೊಸ್ಟಾಗ್ಲಾಂಡಿನ್‌ಗಳು ತಯಾರಾಗುತ್ತವೆ. ಇನ್ನೊಂದು ದಾರಿಯಲ್ಲಿ ಹೋದರೆ ಲ್ಯೂಕೋಟ್ರೈನ್‌ಗಳು. ನೋವು, ಜ್ವರ, ಊತ ತರುವುದು ಪ್ರೊಸ್ಟಾಗ್ಲಾಂಡಿನ್‌ಗಳೇ. ಆದರೆ ಅವುಗಳಲ್ಲಿ ಇ2 ಎಂಬ ಒಂದು ಬಗೆ ಶ್ವಾಸನಾಳದಲ್ಲಿ ಲ್ಯೂಕೋಟ್ರೈನ್ ಅತಿಯಾಗಿ ಹುಟ್ಟದಂತೆ ಹಿಡಿದಿಡುತ್ತದೆ. ಆಸ್ಪಿರಿನ್ ಕಾಕ್ಸ್ ಕಿಣ್ವವನ್ನು ಕಟ್ಟಿಹಾಕಿದಾಗ ನೋವಿನ ಜೊತೆಗೆ ಈ ಹಿಡಿತವೂ ಹೋಗುತ್ತದೆ. ಹೆಚ್ಚಿನವರಲ್ಲಿ ಇದರಿಂದ ಏನೂ ಗೊತ್ತಾಗುವುದಿಲ್ಲ. ಕೆಲವರ ಮೂಗಿನಲ್ಲಿ, ಶ್ವಾಸನಾಳದಲ್ಲಿ ಲ್ಯೂಕೋಟ್ರೈನ್ ಮೊದಲೇ ಮಿತಿಮೀರಿ ಇರುತ್ತದೆ, ಹಿಡಿತ ತಪ್ಪಿದ ಕೂಡಲೇ ಅದು ನುಗ್ಗುತ್ತದೆ. ನಾಳ ಬಿಗಿಯುತ್ತದೆ, ಒಳಪದರ ಊದುತ್ತದೆ, ಲೋಳೆ ಸುರಿಯುತ್ತದೆ.

ಒಂದೇ ಕುಟುಂಬದ ಎಲ್ಲ ಗುಳಿಗೆಗಳೂ ಒಂದೇ ತೊಂದರೆ ಕೊಡಲು ಕಾರಣ ಇದು. ದೇಹ ಗುಳಿಗೆಯ ಆಕಾರವನ್ನು ಗುರುತಿಸಿ ಸಿಟ್ಟಾಗುವುದಲ್ಲ, ಗುಳಿಗೆ ಮಾಡುವ ಕೆಲಸವೇ ತೊಂದರೆ. ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯಾಗಲಿ, ರಕ್ತದ ಪರೀಕ್ಷೆಯಾಗಲಿ ಇದನ್ನು ಹಿಡಿಯದಿರುವುದಕ್ಕೂ ಇದೇ ಕಾರಣ. ‘ಅಲರ್ಜಿ ಟೆಸ್ಟ್ ಮಾಡಿಸಿದ್ದೇನೆ, ಏನೂ ಇಲ್ಲ’ ಎಂಬ ವರದಿ ಕೈಯಲ್ಲಿದ್ದರೆ ಈ ವಿಷಯಕ್ಕೆ ಅದರಿಂದ ಉಪಯೋಗ ಇಲ್ಲ.

ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಆಸ್ಪಿರಿನ್, ಅಸ್ತಮಾ, ಮೂಗಿನೊಳಗಿನ ದುರ್ಮಾಂಸ ಈ ಮೂರಕ್ಕೂ ಸಂಬಂಧ ಉಂಟೆಂದು ಫ್ರಾನ್ಸಿನ ವಿಡಾಲ್ ಮತ್ತು ಸಂಗಡಿಗರು 1922ರಲ್ಲೇ ಬರೆದಿದ್ದರು. 1968ರಲ್ಲಿ ಸ್ಯಾಮ್ಟರ್ ಮತ್ತು ಬಿಯರ್ಸ್ ಅದನ್ನು ವಿವರವಾಗಿ ದಾಖಲಿಸಿದ ಮೇಲೆ ‘ಸ್ಯಾಮ್ಟರ್ ತ್ರಿಕೂಟ’ ಎಂಬ ಹೆಸರು ನಿಂತಿತು. ನಿಮ್ಮ ಇ.ಎನ್.ಟಿ. ಡಾಕ್ಟರು ಚೀಟಿಯಲ್ಲಿ ‘ಸ್ಯಾಮ್ಟರ್’ ಎಂದು ಬರೆದಿದ್ದರೆ ಅದು ಇದೇ.

ಮೊದಲ ಹೆಜ್ಜೆ: ಹಿಂದಿನದನ್ನು ನೆನಪು ಮಾಡಿ ಬರೆದಿಡಿ

ಈ ಕಾಯಿಲೆ ಹುಟ್ಟಿನಿಂದ ಬರುವಂಥದ್ದಲ್ಲ. ಸಾಮಾನ್ಯವಾಗಿ 30ರ ಆಸುಪಾಸಿನಲ್ಲಿ ಶುರುವಾಗುತ್ತದೆ, ಹೆಂಗಸರಲ್ಲಿ ಸ್ವಲ್ಪ ಹೆಚ್ಚು. ಮೊದಲು ಬಿಡದ ಶೀತ. ಮಳೆಗಾಲದಲ್ಲೂ ಹೋಗದು, ಬೇಸಗೆಯಲ್ಲೂ ಹೋಗದು. ಮೂಗು ಕಟ್ಟಿಯೇ ಇರುತ್ತದೆ. ಆಮೇಲೆ ವಾಸನೆ ಗೊತ್ತಾಗುವುದು ನಿಲ್ಲುತ್ತದೆ, ಒಗ್ಗರಣೆಯ ಇಂಗು, ಬಾಡಿದ ಮಲ್ಲಿಗೆ ಯಾವುದೂ ಮೂಗಿಗೆ ಹತ್ತುವುದಿಲ್ಲ. ನಡುವೆ ಎಲ್ಲೋ ಅಸ್ತಮಾ ಸೇರಿಕೊಳ್ಳುತ್ತದೆ. ಮೂಗಿನಲ್ಲಿ ದುರ್ಮಾಂಸ ಕಾಣಿಸುತ್ತದೆ (ಇಲ್ಲಿನ ಮಲಯಾಳಿ ಡಾಕ್ಟರುಗಳ ಬಾಯಲ್ಲಿ ಅದು ‘ದಶ’), ಆಪರೇಷನ್ ಮಾಡಿ ತೆಗೆದರೂ ಮತ್ತೆ ಬೆಳೆಯುತ್ತದೆ. ಅಷ್ಟರ ತನಕ ನುಂಗಿದ ನೋವಿನ ಗುಳಿಗೆಗಳು ಏನೂ ಮಾಡಿರದೆ ಇರಬಹುದು. ‘ನಾನು ಸಣ್ಣಂದಿನಿಂದ ತಿನ್ನುತ್ತಿದ್ದೇನೆ, ನನಗೆ ಏನೂ ಆಗುವುದಿಲ್ಲ’ ಎಂಬ ಧೈರ್ಯ ಆದ್ದರಿಂದ ನಂಬುವಂಥದ್ದಲ್ಲ.

ಒಂದು ಹಾಳೆ ತೆಗೆದುಕೊಂಡು ಇವಿಷ್ಟಕ್ಕೆ ಉತ್ತರ ಬರೆಯಿರಿ. ಕಳೆದ ಐದಾರು ವರ್ಷಗಳಲ್ಲಿ ದಮ್ಮು ತೀರಾ ಜೋರಾಗಿ ಆಸ್ಪತ್ರೆಗೆ ಓಡಿದ್ದು ಯಾವಾಗೆಲ್ಲ? ಆ ದಿನ ಅದಕ್ಕೆ ಮೊದಲಿನ ಮೂರು ಗಂಟೆಯೊಳಗೆ ಯಾವ ಗುಳಿಗೆ, ಯಾವ ಇಂಜೆಕ್ಷನ್ ಆಗಿತ್ತು? ಮೊದಲು ಮೂಗು ಸೋರಿತೇ, ಕಣ್ಣು ಕೆಂಪಾಯಿತೇ, ಮುಖ ಬಿಸಿಯಾಯಿತೇ? ಹಲ್ಲು ತೆಗೆಸಿದ ದಿನ, ತಲೆನೋವಿನ ದಿನ, ಮುಟ್ಟಿನ ಹೊಟ್ಟೆನೋವಿನ ದಿನ ಯಾವತ್ತಾದರೂ ಹಾಗಾಯಿತೇ? ಬಿಯರ್, ವೈನ್, ಶೇಂದಿ ಕುಡಿದ ಸ್ವಲ್ಪ ಹೊತ್ತಿಗೆ ಮೂಗು ಕಟ್ಟುತ್ತದೆಯೇ? ಕೊನೆಯ ಪ್ರಶ್ನೆ ವಿಚಿತ್ರ ಅನ್ನಿಸಬಹುದು, ಆದರೆ ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಮದ್ಯದ ಒಂದೆರಡು ಗುಟುಕಿಗೂ ಮೂಗು, ಎದೆ ಕಟ್ಟುವುದುಂಟು.

ಹೊತ್ತಿನ ಲೆಕ್ಕ ಬಹಳ ಮುಖ್ಯ. ಆಸ್ಪಿರಿನ್ ವರ್ಗದ ತೊಂದರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಬರುತ್ತದೆ. ಇಂಜೆಕ್ಷನ್ ಆದರೆ ಇನ್ನೂ ಬೇಗ. ಬೆಳಿಗ್ಗೆ ನುಂಗಿ ಮರುದಿನ ರಾತ್ರಿ ದಮ್ಮು ಬಂದರೆ ಕಾರಣ ಬೇರೆ ಇರಬೇಕು. ಉಸಿರಿಗೆ ಏನೂ ಆಗದೆ ಮೈಮೇಲೆ ಬರೀ ದದ್ದು ಎದ್ದರೆ ಅದು ಇನ್ನೊಂದು ಬಗೆಯ ತೊಂದರೆ, ಅದನ್ನೂ ಬರೆದಿಡಿ, ಆದರೆ ಎರಡನ್ನೂ ಬೆರೆಸಬೇಡಿ.

ಮನೆಯಲ್ಲಿ ಅರ್ಧ ಗುಳಿಗೆ ನುಂಗಿ ‘ನೋಡೋಣ’ ಎಂದು ಪರೀಕ್ಷೆ ಮಾಡಲೇಬಾರದು. ಈ ತೊಂದರೆ ಇರುವವರಿಗೆ ಅರ್ಧ ಗುಳಿಗೆಯೂ ಸಾಕು, ಉಸಿರು ನಿಲ್ಲುವ ಮಟ್ಟಕ್ಕೆ ಹೋಗಬಹುದು.

ಎರಡನೆಯದು: ಮದ್ದಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿಯಿರಿ

ಇದಕ್ಕೆ ಒಂದು ಗಂಟೆ ಬೇಕು, ಕನ್ನಡಕ ಬೇಕು, ಇಂಗ್ಲಿಷ್ ಅಕ್ಷರ ಸರಿಯಾಗಿ ಓದುವ ಒಬ್ಬರು ಬೇಕು. ಸ್ಟ್ರಿಪ್‌ನ ಮೇಲೆ ದೊಡ್ಡದಾಗಿ ಇರುವುದು ಕಂಪೆನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೋ ಹಿಂದೆಯೋ ಸಣ್ಣ ಅಕ್ಷರದಲ್ಲಿ ಒಳಗಿರುವ ಮದ್ದಿನ ಹೆಸರು, ಅದರ ಪಕ್ಕ ‘ಐ.ಪಿ.’, ಆಮೇಲೆ ಮಿಲಿಗ್ರಾಂ ಇರುತ್ತದೆ. ನೋಡಬೇಕಾದ್ದು ಆ ಸಾಲು. ಒಂದೊಂದೇ ಗುಳಿಗೆ ಕತ್ತರಿಸಿ ಕೊಟ್ಟ ತುಂಡು ಸ್ಟ್ರಿಪ್‌ನಲ್ಲಿ ಆ ಸಾಲು ಹೆಚ್ಚಾಗಿ ಹೋಗಿರುತ್ತದೆ. ಅಂಥ ತುಂಡುಗಳನ್ನು ಎಸೆಯಿರಿ, ಇನ್ನು ಮುಂದೆ ತರುವಾಗ ಹೆಸರಿರುವ ಕಡೆಯ ತುಂಡನ್ನೇ ಕೇಳಿ.

ಡಿಸ್ಪ್ರಿನ್ ಅಂದರೆ ಆಸ್ಪಿರಿನ್ ಎಂದು ಬಹಳ ಮಂದಿಗೆ ಗೊತ್ತು. ಇಕೋಸ್ಪ್ರಿನ್ 75, 150 ಕೂಡ ಆಸ್ಪಿರಿನ್. ಇಕೋಸ್ಪ್ರಿನ್ ಎ.ವಿ.ಯಲ್ಲಿ ಅದರ ಜೊತೆ ಕೊಲೆಸ್ಟರಾಲಿನ ಮದ್ದು ಸೇರಿದೆ, ಕ್ಲೋಪಿಟಾಬ್-ಎ ಎಂಬುದರಲ್ಲಿ ‘ಎ’ ಅಂದರೆ ಆಸ್ಪಿರಿನ್. ಕಾಂಬಿಫ್ಲಾಮ್, ಫ್ಲೆಕ್ಸಾನ್ ಇವುಗಳಲ್ಲಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಉಂಟು. ವೊವೆರಾನ್ ಡೈಕ್ಲೊಫೆನಾಕ್. ಝೀರೋಡಾಲ್‌ನ ಎಲ್ಲ ಬಗೆಗಳಲ್ಲೂ, ಪಿ ಇರಲಿ ಎಸ್.ಪಿ. ಇರಲಿ, ಅಸಿಕ್ಲೊಫೆನಾಕ್ ಇದ್ದೇ ಇದೆ. ಕೀಟೊರಾಲ್ ಡಿ.ಟಿ. ಹಲ್ಲುನೋವಿಗೆ ಕೊಡುವುದು, ಅದು ಕೀಟೊರೊಲಾಕ್. ಸಾರಿಡಾನ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಪ್ರೊಪಿಫೆನಜೋನ್ ಎಂಬುದೂ ಉಂಟು, ಅದನ್ನೂ ದೂರ ಇಡುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು, ಯಾಕೆಂದರೆ ಹೆಚ್ಚು ಕಣ್ತಪ್ಪುವುದು ಇಲ್ಲೇ. ಮುಟ್ಟಿನ ಹೊಟ್ಟೆನೋವಿಗೆ ಕಾಲೇಜಿನ ಮಕ್ಕಳು ಬ್ಯಾಗಿನಲ್ಲಿಟ್ಟುಕೊಳ್ಳುವ ಮೆಫ್ಟಾಲ್ ಸ್ಪಾಸ್‌ನಲ್ಲಿ 250 ಮಿ.ಗ್ರಾಂ. ಮೆಫೆನಾಮಿಕ್ ಆಸಿಡ್ ಇದೆ. ಡ್ರೋಟಿನ್ ಎಂಬುದರಲ್ಲಿ ಡ್ರೋಟವೆರಿನ್ ಮಾತ್ರ, ಅದು ಈ ಕುಟುಂಬದ್ದಲ್ಲ. ಆದರೆ ಡ್ರೋಟಿನ್-ಎಂ ಆದರೆ ಒಳಗೆ ಮೆಫೆನಾಮಿಕ್ ಬಂತು. ಒಂದಕ್ಷರದ ವ್ಯತ್ಯಾಸ. ಸೈಕ್ಲೋಪಾಮ್ ಗುಳಿಗೆಯಲ್ಲಿ ಡೈಸೈಕ್ಲೋಮಿನ್ ಮತ್ತು ಪ್ಯಾರಾಸಿಟಮಾಲ್ ಇರುವುದು, ಈ ದೃಷ್ಟಿಯಿಂದ ಅದು ಪರವಾಗಿಲ್ಲ.

ಮಕ್ಕಳ ಜ್ವರದ ಸಿರಪ್‌ಗಳಲ್ಲೂ ಹೀಗೆಯೇ. ಮೆಫ್ಟಾಲ್-ಪಿ ಮೆಫೆನಾಮಿಕ್, ಐಬುಜೆಸಿಕ್ ಪ್ಲಸ್ ಐಬುಪ್ರೊಫೆನ್. ಸಣ್ಣ ಮಕ್ಕಳಲ್ಲಿ ಈ ಬಗೆಯ ಅಸ್ತಮಾ ಅಪರೂಪ, ಆದರೂ ಅಸ್ತಮಾ ಇರುವ ಮಗುವಿಗೆ ಒಮ್ಮೆ ಕೊಟ್ಟಾಗ ದಮ್ಮು ಬಂದಿದ್ದರೆ ಡಾಕ್ಟರಿಗೆ ಹೇಳದೆ ಮತ್ತೆ ಕೊಡಬಾರದು. ಆಸ್ಪಿರಿನ್ ಅಂತೂ ಜ್ವರದ ಮಕ್ಕಳಿಗೆ ಯಾರಿಗೂ ಕೊಡುವಂತಿಲ್ಲ, ಅದಕ್ಕೆ ಕಾರಣ ರೇಸ್ ಸಿಂಡ್ರೋಮ್ ಎಂಬ, ಮಿದುಳು ಮತ್ತು ಲಿವರನ್ನು ಕೆಡಿಸುವ ಬೇರೆಯೇ ಒಂದು ಅಪಾಯ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಇನ್ನೊಂದು ಡಬ್ಬಿ ಇರುತ್ತದೆ, ಗಲ್ಫಿನಿಂದ ಬಂದದ್ದು. ಅದರಲ್ಲಿ ಪನಡೋಲ್ ಇದ್ದರೆ ಅದು ಪ್ಯಾರಾಸಿಟಮಾಲ್. ವೋಲ್ಟರೆನ್ ಇದ್ದರೆ ಡೈಕ್ಲೊಫೆನಾಕ್. ಪ್ರೊಫಿನಾಲ್ ಇದ್ದರೆ ಐಬುಪ್ರೊಫೆನ್. ಅಲ್ಲಿಯ ಹೆಸರುಗಳು ಇಲ್ಲಿಯ ಮೆಡಿಕಲ್‌ನವರಿಗೂ ಗೊತ್ತಿರಬೇಕೆಂದಿಲ್ಲ. ಪೆಟ್ಟಿಗೆಯ ಮೇಲೆ ಅರಬಿ ಜೊತೆ ಇಂಗ್ಲಿಷ್‌ನಲ್ಲೂ ಒಳಗಿನ ಮದ್ದಿನ ಹೆಸರು ಇರುತ್ತದೆ, ಪೆಟ್ಟಿಗೆ ಎಸೆದು ಗುಳಿಗೆ ಮಾತ್ರ ಇಟ್ಟುಕೊಳ್ಳುವ ಅಭ್ಯಾಸ ಬಿಡಬೇಕು.

ಹಚ್ಚುವ ಮುಲಾಮಿಗೆ ಬರೋಣ. ವೊಲಿನಿಯಂಥ ಜೆಲ್‌ನಲ್ಲಿ ಡೈಕ್ಲೊಫೆನಾಕ್ ಉಂಟು. ಆಕ್ಸ್ ಎಣ್ಣೆ, ಅಯೋಡೆಕ್ಸ್ ಮುಂತಾದವುಗಳಲ್ಲಿ ಮಿಥೈಲ್ ಸ್ಯಾಲಿಸಿಲೇಟ್. ಚರ್ಮದಿಂದ ಒಳಹೋಗುವ ಪ್ರಮಾಣ ಕಡಿಮೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಇಡೀ ಬೆನ್ನಿಗೆ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಕಂಬಳಿ ಹೊದ್ದು ಮಲಗಿದರೆ ಒಳಹೋಗುವ ಪ್ರಮಾಣ ಹೆಚ್ಚುತ್ತದೆ. ಹಿಂದೆ ಗುಳಿಗೆಯಿಂದ ಜೋರು ತೊಂದರೆ ಆದವರು ಡೈಕ್ಲೊಫೆನಾಕ್ ಜೆಲ್ ಬಿಡುವುದೇ ಸರಿ. ಊಟದ ವಿಷಯದಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಹಣ್ಣು, ಸಾಂಬಾರ ಪದಾರ್ಥಗಳಲ್ಲಿ ತಾನಾಗಿ ಇರುವ ಸ್ಯಾಲಿಸಿಲೇಟ್ ಕಾಕ್ಸ್ ಕಿಣ್ವವನ್ನು ಆಸ್ಪಿರಿನ್ ಕಟ್ಟಿಹಾಕುವ ಹಾಗೆ ಕಟ್ಟಿಹಾಕುವುದಿಲ್ಲ. ‘ಆಸ್ಪಿರಿನ್ ಆಗದವರು ದ್ರಾಕ್ಷಿ, ಟೊಮೆಟೊ ತಿನ್ನಬಾರದು’ ಎಂದು ತಿರುಗಾಡುವ ಪಟ್ಟಿಗಳನ್ನು ನೋಡಿ ಊಟ ಕೆಡಿಸಿಕೊಳ್ಳಬೇಡಿ. ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಗಂಟುನೋವಿನ ಪುಡಿ ಮಾತ್ರ ಬೇಡ. ಒಳಗೇನಿದೆ ಎಂದು ಬರೆದುಕೊಡಲು ಒಪ್ಪದವರಿಂದ ಯಾವ ಮದ್ದೂ ತರಬಾರದು.

ಜನೌಷಧಿ ಅಂಗಡಿಯ ಸ್ಟ್ರಿಪ್‌ಗಳಲ್ಲಿ ಮದ್ದಿನ ನಿಜ ಹೆಸರೇ ದೊಡ್ಡದಾಗಿ ಇರುವುದರಿಂದ ಓದಲು ಸುಲಭ. ಮಂಗಳೂರಿನಲ್ಲೋ ದೇರಳಕಟ್ಟೆಯಲ್ಲೋ ಬರೆಸಿದ ಚೀಟಿಯನ್ನು ಬದಿಯಡ್ಕ, ಮುಳ್ಳೇರಿಯ, ಪೆರ್ಲದಲ್ಲಿ ತೋರಿಸುವಾಗ ‘ಆ ಕಂಪೆನಿಯದ್ದು ಇಲ್ಲ, ಇದು ಅದೇ’ ಎಂಬ ಉತ್ತರ ಸಾಮಾನ್ಯ. ಅದೇ ಇರಬಹುದು, ಆದರೆ ಎರಡರ ಸಣ್ಣ ಅಕ್ಷರದ ಸಾಲನ್ನು ಪಕ್ಕಪಕ್ಕ ಇಟ್ಟು ಓದದೆ ಮನೆಗೆ ತರಬೇಡಿ.

ಹಾಗಾದರೆ ನೋವಿಗೆ, ಜ್ವರಕ್ಕೆ ಏನು?

ಪ್ಯಾರಾಸಿಟಮಾಲ್. ಕಾಕ್ಸ್ ಕಿಣ್ವದಲ್ಲಿ ಎರಡು ಬಗೆ, ಈ ತೊಂದರೆ ಬರುವುದು ಕಾಕ್ಸ್-1 ಅನ್ನು ತಡೆದಾಗ. ಪ್ಯಾರಾಸಿಟಮಾಲ್ ಅದನ್ನು ಬಹಳ ಕಡಿಮೆ ತಡೆಯುತ್ತದೆ. ದೊಡ್ಡವರು 500 ಮಿ.ಗ್ರಾಂ. ಒಂದು ಗುಳಿಗೆಯಿಂದ ಶುರು ಮಾಡಬೇಕು, ಆರು ಗಂಟೆ ಬಿಟ್ಟು ಮತ್ತೊಂದು. ಒಂದೇ ಸಲಕ್ಕೆ 1000 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚು ಹೋದರೆ ಈ ಕಾಯಿಲೆಯವರಲ್ಲಿ ಕೆಲವರಿಗೆ ಮೂಗು ಕಟ್ಟುವುದು, ಎದೆ ಬಿಗಿಯುವುದು ಆಗುತ್ತದೆ, ಸಾಮಾನ್ಯವಾಗಿ ಸೌಮ್ಯವಾಗಿ. 1000 ಮಿ.ಗ್ರಾಂ. ನಾವು ಯಾಕೆ ನುಂಗುತ್ತೇವೆ ಎಂದು ಕೇಳಬೇಡಿ. ಜ್ವರಕ್ಕೆಂದು ಒಂದು ಡೋಲೋ 650, ಶೀತಕ್ಕೆಂದು ಒಂದು ಸಿನಾರೆಸ್ಟ್ ಒಟ್ಟಿಗೆ ನುಂಗಿದರೆ ಅಲ್ಲಿಗೆ 1150 ಆಯಿತು, ಯಾಕೆಂದರೆ ಶೀತದ ಗುಳಿಗೆಯಲ್ಲೂ 500 ಪ್ಯಾರಾಸಿಟಮಾಲ್ ಇದೆ.

ಮಳೆಗಾಲದ ಜ್ವರ ನಮ್ಮಲ್ಲಿ ಡೆಂಗಿಯೋ ಇಲಿಜ್ವರವೋ ಆಗಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಡೆಂಗಿಯಲ್ಲಿ ರಕ್ತಸ್ರಾವದ ಭಯದಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಅಸ್ತಮಾ ಇಲ್ಲದವರಿಗೂ ನಿಷಿದ್ಧ. ಮೈಕೈನೋವು ತಡೆಯಲಾಗದೆ ‘ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದನ್ನು ಎಲ್ಲರೂ ಬಿಡುವುದು ಒಳ್ಳೆಯದು. ಆ ಇಂಜೆಕ್ಷನ್ ಬಹಳ ಸಲ ಡೈಕ್ಲೊಫೆನಾಕ್ ಆಗಿರುತ್ತದೆ, ನುಂಗಿದ ಗುಳಿಗೆಗಿಂತ ಬೇಗ ಕೆಲಸ ಮಾಡುತ್ತದೆ, ಕೊಟ್ಟ ಮೇಲೆ ಹಿಂದೆ ತೆಗೆಯಲು ಆಗುವುದಿಲ್ಲ.

ಪ್ಯಾರಾಸಿಟಮಾಲ್‌ಗೆ ಬಗ್ಗದ ನೋವು, ಅಂದರೆ ಗಂಟುವಾತ, ಆಪರೇಷನ್ ನಂತರದ ನೋವು, ಅಡಿಕೆ ಮರದಿಂದ ಬಿದ್ದು ಮೂಳೆ ಮುರಿದ ನೋವು ಇದ್ದರೆ ದಾರಿ ಬೇರೆ. ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ಮದ್ದುಗಳು ಕಾಕ್ಸ್-2 ಎಂಬ ಇನ್ನೊಂದು ಕಿಣ್ವವನ್ನು ಮಾತ್ರ ಹಿಡಿಯುವುದರಿಂದ ಈ ಕಾಯಿಲೆಯವರಲ್ಲಿ ಬಹುತೇಕ ಎಲ್ಲರಿಗೂ ಆಗಿಬರುತ್ತವೆ. ಆದರೂ ಮೊದಲ ಗುಳಿಗೆಯನ್ನು ಮನೆಯಲ್ಲಿ ಅಲ್ಲ, ಡಾಕ್ಟರ ಎದುರು ನುಂಗಿ, ಅವರು ಹೇಳಿದಷ್ಟು ಹೊತ್ತು ಅಲ್ಲೇ ಕೂತು ನೋಡಬೇಕು. ಹೃದಯ, ಕಿಡ್ನಿ, ಬಿ.ಪಿ. ತೊಂದರೆ ಇದ್ದವರಿಗೆ ಇವು ಬೇರೆ ಕಾರಣಕ್ಕೆ ಕಷ್ಟ. ಟ್ರಮಡಾಲ್ ಮುಂತಾದವು ಕಾಕ್ಸ್ ದಾರಿಗೆ ಹೋಗುವುದೇ ಇಲ್ಲ, ಆದರೆ ಅವು ಚೀಟಿ ಇಲ್ಲದೆ ತರುವಂಥವಲ್ಲ. ನಿಮೆಸುಲೈಡ್ ಮತ್ತು ಮೆಲಾಕ್ಸಿಕ್ಯಾಮ್ ನಡುವಿನ ಜಾತಿ, ಕಡಿಮೆ ಪ್ರಮಾಣದಲ್ಲಿ ಕೆಲವರಿಗೆ ಆಗುತ್ತದೆ, ಹೆಚ್ಚಾದರೆ ಆಗುವುದಿಲ್ಲ. ಕೇಳದೆ ತೆಗೆದುಕೊಳ್ಳಬೇಡಿ.

ಚೀಟಿ ಬರೆದು ಪರ್ಸಿನಲ್ಲಿಡಿ

ಕಾಸರಗೋಡಿನಲ್ಲಿ ರೋಗಿ ಕನ್ನಡದಲ್ಲೋ ತುಳುವಿನಲ್ಲೋ ಹೇಳುತ್ತಾನೆ, ನರ್ಸ್ ಮಲಯಾಳದಲ್ಲಿ ಕೇಳುತ್ತಾರೆ, ಒ.ಪಿ. ಚೀಟಿ ಇಂಗ್ಲಿಷ್‌ನಲ್ಲಿರುತ್ತದೆ. ದಮ್ಮು ಕಟ್ಟಿದವನಿಗೆ ಮೂರನ್ನೂ ಹೊಂದಿಸುವಷ್ಟು ಉಸಿರು ಇರುವುದಿಲ್ಲ. ಆದ್ದರಿಂದ ಗಟ್ಟಿ ಕಾಗದದಲ್ಲಿ ಮೂರು ಭಾಷೆಯಲ್ಲೂ ಬರೆದು ಆಧಾರ್ ಕಾರ್ಡಿನ ಜೊತೆಗೇ ಇಡಿ. ಇಂಗ್ಲಿಷ್ ಭಾಗದಲ್ಲಿ ಕಂಪೆನಿಯ ಹೆಸರು ಬೇಡ, ಮದ್ದಿನ ಹೆಸರುಗಳನ್ನೇ ಬರೆಯಿರಿ. ಯಾವ ವರ್ಷ, ಯಾವ ಗುಳಿಗೆ, ಎಷ್ಟು ಹೊತ್ತಿನಲ್ಲಿ ಏನಾಯಿತು ಎಂಬುದು ಒಂದು ಸಾಲು. ಯಾವುದು ಆಗಿಬರುತ್ತದೆ ಎಂಬುದು ಇನ್ನೊಂದು ಸಾಲು, ಇದು ಅಷ್ಟೇ ಮುಖ್ಯ, ಯಾಕೆಂದರೆ ನೋವಿನಲ್ಲಿ ಬಂದವರಿಗೆ ಏನಾದರೂ ಒಂದು ಕೊಡಲೇಬೇಕಲ್ಲ.

ಬಾಯಲ್ಲಿ ಹೇಳಬೇಕಾಗಿ ಬಂದರೆ ಈ ಮಲಯಾಳ ವಾಕ್ಯ ಸಾಕು: ‘ಎನಿಕ್ಕ್ ಆಸ್ತ್ಮ ಉಂಡ್. ವೇದನಯ್ಕ್ಕುಳ್ಳ ಗುಳಿಗ ಕಳಿಚ್ಚಾಲ್ ಶ್ವಾಸಂಮುಟ್ಟುಂ. ಇಂಜೆಕ್ಷನುಂ ಪಾಡಿಲ್ಲ.’ (ನನಗೆ ಅಸ್ತಮಾ ಉಂಟು. ನೋವಿನ ಗುಳಿಗೆ ತಿಂದರೆ ದಮ್ಮು ಕಟ್ಟುತ್ತದೆ. ಇಂಜೆಕ್ಷನೂ ಕೂಡದು.)

ಚೀಟಿಯ ಫೋಟೋವನ್ನು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ. ಮಂಗಳೂರಿನ ಆಸ್ಪತ್ರೆಯ ಫೈಲನ್ನೇ ನಂಬಿದವರು 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಕಾಗದಪತ್ರ ಕೈಯಲ್ಲಿಲ್ಲದೆ ಪಟ್ಟ ಪಾಡು ನೆನಪಿರಬಹುದು. ದಾಖಲೆಯ ಒಂದೊಂದು ಪ್ರತಿ ಗಡಿಯ ಎರಡೂ ಕಡೆಯ ಡಾಕ್ಟರಲ್ಲಿ ಇರಲಿ. ಹಲ್ಲಿನ ಡಾಕ್ಟರಿಗೂ ಕೊಡಿ. ಕಣ್ಣಿನ ಪೊರೆ ತೆಗೆದ ಮೇಲೆ ಬಿಡುವ ಹನಿಗಳಲ್ಲಿ ಕೀಟೊರೊಲಾಕ್, ನೆಪಾಫೆನಾಕ್ ಇರುವುದುಂಟು, ಕಣ್ಣಿನಿಂದ ಮೂಗಿಗೆ ಇಳಿದು ಅದೂ ದಮ್ಮು ಎಬ್ಬಿಸಬಹುದು, ಆದ್ದರಿಂದ ಕಣ್ಣಿನ ಶಿಬಿರಕ್ಕೂ ಚೀಟಿ ಒಯ್ಯಿರಿ. ಗ್ಲೌಕೋಮಾದ ಟಿಮೊಲಾಲ್ ಹನಿ, ಬಿ.ಪಿ.ಗೆ ಕೊಡುವ ಪ್ರೊಪ್ರನಲಾಲ್ ಕೂಡ ಅಸ್ತಮಾದವರಿಗೆ ಆಗುವುದಿಲ್ಲ, ಆದರೆ ಅದರ ಕಾರಣ ಪೂರ್ತಿ ಬೇರೆ, ಅದು ಎಲ್ಲ ಅಸ್ತಮಾದವರಿಗೂ ಅನ್ವಯಿಸುವ ಮಾತು.

ಗುಳಿಗೆ ನುಂಗಿ ಆಯಿತು, ಎದೆ ಬಿಗಿಯುತ್ತಿದೆ

ಮೂಗಿನಿಂದ ನೀರು ಇಳಿಯಲು ಶುರುವಾದ ಕೂಡಲೇ ಎಚ್ಚರಾಗಬೇಕು. ವಾಂತಿ ಮಾಡಿಸಲು ಹೋಗಬೇಡಿ, ಮಲಗಿಸಬೇಡಿ. ಕುರ್ಚಿಯಲ್ಲಿ ನೇರ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿದರೆ ಒಳ್ಳೆಯದು. ಸಾಲ್ಬುಟಮಾಲ್ ಇನ್‌ಹೇಲರ್ ಚೆನ್ನಾಗಿ ಕುಲುಕಿ ಸ್ಪೇಸರಿಗೆ (ಇನ್‌ಹೇಲರಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ) ಸಿಕ್ಕಿಸಿ. ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಯಲಿ. ಮತ್ತೆ ಕುಲುಕಿ ಒಂದು ಸಲ ಒತ್ತಿ, ನಾಲ್ಕು ಉಸಿರು. ಹೀಗೆ ನಾಲ್ಕು ಪಫ್. ನಾಲ್ಕೂ ಒಮ್ಮೆಲೇ ಒತ್ತಿದರೆ ಮದ್ದು ಸ್ಪೇಸರಿನ ಗೋಡೆಗೆ ಅಂಟಿ ವ್ಯರ್ಥವಾಗುತ್ತದೆ. ನಾಲ್ಕು ನಿಮಿಷ ಕಾದು ಕಡಿಮೆಯಾಗದಿದ್ದರೆ ಇನ್ನೂ ನಾಲ್ಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ಆಂಬುಲೆನ್ಸ್ ಬರುವ ತನಕ ಇದೇ ಕ್ರಮ ಮುಂದುವರಿಸಿ.

ಸ್ಪೇಸರ್ ಇಲ್ಲವಾದರೆ ಅರ್ಧ ಲೀಟರಿನ ನೀರಿನ ಪ್ಲಾಸ್ಟಿಕ್ ಬಾಟಲಿ ಆಗುತ್ತದೆ. ತಳದಲ್ಲಿ ಇನ್‌ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ, ಸಂದಿಗೆ ಟೇಪ್ ಸುತ್ತಿ, ಬಾಟಲಿಯ ಬಾಯಿಯನ್ನು ತುಟಿಯೊಳಗೆ ಹಿಡಿದು ಉಸಿರಾಡುವುದು. ತೂತು ದೊಡ್ಡದಾದರೆ ಮದ್ದು ಅಲ್ಲೇ ಸೋರುತ್ತದೆ. ಇದನ್ನು ಆಪತ್ತಿನ ಹೊತ್ತಿಗೆ ಮಾಡಲು ಹೊರಡುವ ಬದಲು ಈಗಲೇ ಒಂದು ಮಾಡಿಟ್ಟರೆ ಉತ್ತಮ. ಇನ್‌ಹೇಲರ್ ಖಾಲಿಯಾಗಿದೆಯೇ ಎಂದು ನೀರಿನಲ್ಲಿ ತೇಲಿಸಿ ನೋಡುವ ಪದ್ಧತಿ ತಪ್ಪು. ಮದ್ದು ಮುಗಿದ ಮೇಲೂ ಒಳಗಿನ ಗ್ಯಾಸ್ ಉಳಿದಿರುತ್ತದೆ, ನೀರು ಹೋಗಿ ಬಾಯಿಯೂ ಕಟ್ಟುತ್ತದೆ. ಹೊಸತು ತಂದ ತಾರೀಕನ್ನು ಪೆನ್ನಿನಿಂದ ಅದರ ಮೇಲೆಯೇ ಬರೆಯಿರಿ.

ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕೊರೋನಾ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ 92ಕ್ಕಿಂತ ಕೆಳಗೆ ತೋರಿಸಿದರೆ, ಅಥವಾ ಮೊದಲು ಸುಯ್ಯೆನ್ನುತ್ತಿದ್ದ ಎದೆ ಸದ್ದೇ ಇಲ್ಲದಂತಾದರೆ ಕಾಯುವ ಪ್ರಶ್ನೆಯೇ ಇಲ್ಲ. ಸದ್ದು ನಿಂತದ್ದನ್ನು ‘ಕಡಿಮೆಯಾಯಿತು’ ಎಂದು ತಿಳಿಯುವವರುಂಟು, ಅದು ಗಾಳಿಯೇ ಹೋಗದಿರುವ ಸೂಚನೆ. ತುಟಿ, ನಾಲಿಗೆ ಊದಿ, ಮೈಯೆಲ್ಲ ದದ್ದೆದ್ದು, ತಲೆಸುತ್ತು ಬಂದರೆ ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಬೇಕಾಗುತ್ತದೆ. ದೂರದ ದೊಡ್ಡ ಆಸ್ಪತ್ರೆಗೆ ಓಡುವ ಮೊದಲು ಹತ್ತಿರದಲ್ಲಿ ಆಕ್ಸಿಜನ್, ನೆಬ್ಯುಲೈಸರ್ ಇರುವ ಆಸ್ಪತ್ರೆಗೆ ಹೋಗಿ. ಬಂದಡ್ಕದಿಂದ ಮಂಗಳೂರು ಈ ಸ್ಥಿತಿಯಲ್ಲಿ ಹೋಗುವಷ್ಟು ಹತ್ತಿರ ಇಲ್ಲ. ನುಂಗಿದ ಗುಳಿಗೆಯ ಸ್ಟ್ರಿಪ್ ಜೊತೆಯಲ್ಲೇ ಇರಲಿ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇರುವುದು ಕ್ಷೇಮ, ಗುಳಿಗೆ ಇನ್ನೂ ದೇಹದಲ್ಲೇ ಇದೆಯಲ್ಲ.

ಡಾಕ್ಟರಲ್ಲಿ ಕೇಳಬೇಕಾದ್ದು

ಮೊದಲ ಹೆಜ್ಜೆಯಲ್ಲಿ ಬರೆದ ಹಾಳೆಯನ್ನು ಶ್ವಾಸಕೋಶದ ಡಾಕ್ಟರಿಗೆ ಕೊಡಿ. ಎರಡು ಬೇರೆ ಬೇರೆ ಗುಳಿಗೆಗಳಿಂದ, ಬೇರೆ ಬೇರೆ ಸಲ, ಮೂರು ಗಂಟೆಯೊಳಗೆ ದಮ್ಮು ಬಂದಿದ್ದರೆ, ಮೂಗಿನಲ್ಲಿ ದುರ್ಮಾಂಸವೂ ಇದ್ದರೆ, ಹೆಚ್ಚಾಗಿ ಅದೇ ಸಾಕು. ಸಂಶಯ ಉಳಿದರೆ ಮಾತ್ರ ಆಸ್ಪಿರಿನ್ ಕೊಟ್ಟು ನೋಡುವ ಪರೀಕ್ಷೆ. ಅದನ್ನು ಅಸ್ತಮಾ ಹತೋಟಿಯಲ್ಲಿರುವಾಗ, ಊದುವ ಪರೀಕ್ಷೆ ಚೆನ್ನಾಗಿ ಬಂದಾಗ, ಎಲ್ಲ ಸೌಕರ್ಯ ಇರುವ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಬಾಯಿಯ ಮೂಲಕ ಕೊಡುವುದಾದರೆ 20ರಿಂದ 40 ಮಿ.ಗ್ರಾಂ.ನಿಂದ ಶುರುಮಾಡಿ 325ರ ತನಕ ನಿಧಾನವಾಗಿ ಏರಿಸುತ್ತಾ, ಪ್ರತಿ ಸಲವೂ ಊದಿಸಿ ನೋಡುತ್ತಾರೆ.

ಗುಳಿಗೆ ಬಿಟ್ಟ ಮಾತ್ರಕ್ಕೆ ಅಸ್ತಮಾವಾಗಲಿ ಮೂಗಿನ ತೊಂದರೆಯಾಗಲಿ ಹೋಗುವುದಿಲ್ಲ, ಒಳಗಿನ ಕಾಯಿಲೆ ನಡೆಯುತ್ತಲೇ ಇರುತ್ತದೆ. ದಿನದ ಸ್ಟೀರಾಯ್ಡ್ ಇನ್‌ಹೇಲರ್, ಮೂಗಿನ ಸ್ಪ್ರೇ ಬಿಡುವಂತಿಲ್ಲ. ಲ್ಯೂಕೋಟ್ರೈನ್ ತಡೆಯುವ ಮಾಂಟೆಲುಕಾಸ್ಟ್ 10 ಮಿ.ಗ್ರಾಂ. ರಾತ್ರಿಗೆ ಕೊಡುವುದುಂಟು. ಅದನ್ನು ಶುರು ಮಾಡಿದ ಮೇಲೆ ನಿದ್ದೆ ಕೆಟ್ಟು, ಮನಸ್ಸು ತೀರಾ ಕುಗ್ಗಿದರೆ ಡಾಕ್ಟರಿಗೆ ಹೇಳಬೇಕು. ಮಾಂಟೆಲುಕಾಸ್ಟ್ ನುಂಗುತ್ತಿದ್ದೇನೆ, ಇನ್ನು ಕಾಂಬಿಫ್ಲಾಮ್ ಆಗಬಹುದು ಎಂಬ ಲೆಕ್ಕ ಮಾತ್ರ ಹಾಕಬೇಡಿ. ಅದು ಅಷ್ಟು ಕಾಪಾಡುವುದಿಲ್ಲ.

ದುರ್ಮಾಂಸ ಮತ್ತೆ ಮತ್ತೆ ಬೆಳೆಯುವವರಿಗೆ ಆಸ್ಪಿರಿನ್‌ನಿಂದಲೇ ಒಂದು ಚಿಕಿತ್ಸೆ ಉಂಟು. ಆಸ್ಪತ್ರೆಯಲ್ಲಿ ಒಂದೆರಡು ದಿನ ಇರಿಸಿ, ಸಣ್ಣ ಪ್ರಮಾಣದಿಂದ ಏರಿಸುತ್ತಾ ದೇಹವನ್ನು ಆಸ್ಪಿರಿನ್‌ಗೆ ಒಗ್ಗಿಸುತ್ತಾರೆ. ಒಮ್ಮೆ ಒಗ್ಗಿದ ಮೇಲೆ ದಿನಾ ಎರಡು ಹೊತ್ತು ನುಂಗುತ್ತಲೇ ಇರಬೇಕು, ಸಾಮಾನ್ಯವಾಗಿ ಹೊತ್ತಿಗೆ 325ರಿಂದ 650 ಮಿ.ಗ್ರಾಂ. ದುರ್ಮಾಂಸ ಬೆಳೆಯುವುದು ನಿಧಾನವಾಗುತ್ತದೆ, ಕೆಲವರಿಗೆ ವಾಸನೆ ಮರಳುತ್ತದೆ. ಹೊಟ್ಟೆ ಹುಣ್ಣು ಇರುವವರಿಗೆ, ಬಸುರಿಯರಿಗೆ ಈ ಚಿಕಿತ್ಸೆ ಇಲ್ಲ. ಎರಡು ದಿನ ತಪ್ಪಿದರೆ ಒಗ್ಗಿದ್ದು ಕಳೆದುಹೋಗಲು ಶುರುವಾಗುತ್ತದೆ, ಮತ್ತೆ ನುಂಗಿದರೆ ಮೊದಲಿನಂತೆಯೇ ದಮ್ಮು. ಹರತಾಳದ ದಿನ ಮೆಡಿಕಲ್ ಮುಚ್ಚಿತ್ತು ಎಂಬ ಸಣ್ಣ ಕಾರಣ ಇಲ್ಲಿ ದೊಡ್ಡ ತೊಂದರೆಯಾಗಬಹುದು, ಎರಡು ವಾರದಷ್ಟು ದಾಸ್ತಾನು ಮನೆಯಲ್ಲಿರಲಿ.

ಹೃದಯದ ಗುಳಿಗೆಯ ಪ್ರಶ್ನೆ

ಎದೆನೋವು ಬಂದರೆ ಕೂಡಲೇ ಆಸ್ಪಿರಿನ್ ಅಗಿಯಿರಿ ಎಂಬ ಸಲಹೆ ಮೊಬೈಲಿನಲ್ಲಿ ತಿರುಗಾಡುತ್ತದೆ. ಸಾಮಾನ್ಯ ಜನಕ್ಕೆ ಅದು ಸರಿಯಾದ ಸಲಹೆಯೇ, ಹೃದಯಾಘಾತದಲ್ಲಿ ಆಸ್ಪತ್ರೆಗಳಲ್ಲೂ 300 ಮಿ.ಗ್ರಾಂ. ಆಸುಪಾಸು ಅಗಿಯಲು ಕೊಡುತ್ತಾರೆ. ಅಸ್ತಮಾ ಇದ್ದು, ಆಸ್ಪಿರಿನ್‌ನಿಂದ ಎಂದೂ ತೊಂದರೆ ಆಗದವರು ಅಸ್ತಮಾ ಎಂಬ ಒಂದೇ ಕಾರಣಕ್ಕೆ ಅದನ್ನು ಬೇಡ ಎನ್ನಬಾರದು. ತೊಂದರೆ ಆದದ್ದು ಗೊತ್ತಿರುವವರು ಮಾತ್ರ ಅಗಿಯದೆ, 108ರವರಿಗೂ ಆಸ್ಪತ್ರೆಯಲ್ಲೂ ಚೀಟಿ ತೋರಿಸಬೇಕು. ಕ್ಲೋಪಿಡೋಗ್ರೆಲ್‌ನಂಥ ಬೇರೆ ಮದ್ದು ಉಂಟು. ಸ್ಟೆಂಟ್ ಹಾಕಬೇಕಾಗಿ ಬಂದು ಆಸ್ಪಿರಿನ್ ಬೇಕೇ ಬೇಕಾದರೆ ಹೃದಯದ ಡಾಕ್ಟರು ಮತ್ತು ಶ್ವಾಸಕೋಶದ ಡಾಕ್ಟರು ಸೇರಿ, ಮೇಲೆ ಹೇಳಿದಂತೆ ಒಗ್ಗಿಸಿ, 75 ಮಿ.ಗ್ರಾಂ.ನಲ್ಲಿ ಮುಂದುವರಿಸುವುದು ಸಾಧ್ಯ. ಬಸುರಿಯಲ್ಲಿ ಬಿ.ಪಿ. ಏರದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ಬರೆಯುವುದು ಈಗ ಸಾಮಾನ್ಯ, ಹೆರಿಗೆ ಡಾಕ್ಟರಿಗೂ ಮೊದಲ ಭೇಟಿಯಲ್ಲೇ ವಿಷಯ ಹೇಳಿ.

ವರ್ಷಗಟ್ಟಲೆ ಇಕೋಸ್ಪ್ರಿನ್ 75 ನುಂಗುತ್ತಾ ಆರಾಮವಾಗಿರುವ ಅಸ್ತಮಾದವರು ಇದನ್ನು ಓದಿ ಅದನ್ನು ನಿಲ್ಲಿಸಬಾರದು. ನಿಮಗೆ ಆಗಿಬರುತ್ತದೆ ಎಂಬುದೇ ಅದರ ಅರ್ಥ. ಮೂಗಿನಲ್ಲಿ ದುರ್ಮಾಂಸವೂ ಇರುವವರು ಮಾತ್ರ ಒಂದು ವಿಷಯ ಗಮನಿಸಬೇಕು. ದಿನಾ ನುಂಗುವುದರಿಂದಲೇ ದೇಹ ಗೊತ್ತಾಗದಂತೆ ಒಗ್ಗಿರಬಹುದು. ಯಾವುದೋ ಆಪರೇಷನಿಗೆಂದು ಡಾಕ್ಟರು ವಾರ ನಿಲ್ಲಿಸಲು ಹೇಳಿದರೆ, ಮತ್ತೆ ಶುರು ಮಾಡುವ ಮೊದಲ ಗುಳಿಗೆಯನ್ನು ಮನೆಯಲ್ಲಿ ನುಂಗಬೇಡಿ. ಬೆಳಿಗ್ಗೆ ಹೊತ್ತು, ಇನ್‌ಹೇಲರ್ ಕೈಯಲ್ಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ನುಂಗಿ ಮೂರು ಗಂಟೆ ಅಲ್ಲೇ ಕೂರಿ.